ಬಾಣಂತಿ ಕೋಣೆಗೆ ನುಗ್ಗಿದ ಓಲ್ವಿನ್

ಸ್ಟಾಕ್‌ಹೋಮ್‌ನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಓಲ್ವಿನ್ ಬಗ್ಗೆ ಎರಡು ಮಾತಿಲ್ಲ. ಕೆಲಸ ಚಿನ್ನ, ಬಾಯಿ ಬೆಂಕಿ. ಮನೆ ಬಿಸಿ ಮಾಡುವ ಹೀಟ್ ಪಂಪ್ ಕೆಟ್ಟಿದೆ, ಯಾರನ್ನು ಕರೆಯಲಿ ಎಂದು ಯಾರಾದರೂ ಕೇಳಿದರೆ ಮೊದಲು ಅವನ ನಂಬರು ಬರುತ್ತದೆ, ಹಿಂದೆಯೇ 'ಸ್ವಲ್ಪ ಸಹಿಸಿಕೊಳ್ಳಿ' ಎಂಬ ಬುದ್ಧಿಮಾತೂ ಬರುತ್ತದೆ. ಸಹಿಸಿಕೊಳ್ಳಬೇಕಾದದ್ದು ಅವನ ಪದ್ಧತಿಯನ್ನು. ಅವನು ಬಂದವನೇ ಬೂಟು ಬಿಚ್ಚುತ್ತಾನೆ, ಕಾಫಿ ಬೇಡ ಎನ್ನುತ್ತಾನೆ, ಆಮೇಲೆ ಯಂತ್ರದ ಕಡೆ ತಿರುಗಿಯೂ ನೋಡದೆ ಮನೆಯೆಲ್ಲ ಸುತ್ತಲು ಹೊರಡುತ್ತಾನೆ. ಕೈಯಲ್ಲಿ ಒಂದು ಟಿಶ್ಯೂ ಕಾಗದ. ಪ್ರತಿ ಕೋಣೆಯ ಗಾಳಿಕಂಡಿಗೂ ಅದನ್ನು ಹಿಡಿದು, ಅದು ಅಲುಗುತ್ತದೋ ಇಲ್ಲವೋ ನೋಡುತ್ತಾನೆ. ಮಲಗುವ ಕೋಣೆ, ಬಚ್ಚಲು, ಯಾವುದನ್ನೂ ಬಿಡುವುದಿಲ್ಲ. ನಿಖಿಲ್ ಮನೆಯಲ್ಲಿ ದೇವರ ಕೋಣೆಗೂ ತಲೆ ಹಾಕಿದನಂತೆ. ಕೇಳಿದರೆ, "ಮೊದಲು ಮನೆ, ಮತ್ತೆ ಮಿಷನ್" ಎನ್ನುತ್ತಾನೆ.

ಉಡುಪಿ ಹತ್ತಿರದ ಮೂಡುಬೆಳ್ಳೆಯವನು. ಐಟಿಐ ಮುಗಿಸಿ ಕುವೈತಿನಲ್ಲಿ ಆರು ವರ್ಷ ಏಸಿ ರಿಪೇರಿ ಮಾಡಿದ. ಮದುವೆಯಾದದ್ದು ನರ್ಸ್ ಜೆಸಿಕಾಳನ್ನು. ಅವಳಿಗೆ ಇಲ್ಲಿ ಕೆಲಸ ಸಿಕ್ಕಿ ಬಂದಾಗ ಅವನೂ ಬಂದ, ಒಂದು ವರ್ಷ ಸ್ವೀಡಿಷ್ ಕಲಿತ, ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡ. ಈಗ ಸ್ವಂತ ವ್ಯಾನು, ಸ್ವಂತ ಗಿರಾಕಿಗಳು.

ನಾನು ಅವನನ್ನು ಎಂದೂ ಕರೆಯಬಾರದು ಎಂದುಕೊಂಡಿದ್ದೆ. ಕಾರಣ ಸಣ್ಣದು, ನನ್ನ ಹಾಗೆಯೇ. ಹಿಂದಿನ ನವೆಂಬರಿನ ರಾಜ್ಯೋತ್ಸವದ ಊಟದಲ್ಲಿ ನಾನು ನಾಲ್ಕು ಜನರಿಗೆ ಹೀಟ್ ಪಂಪಿನ ತತ್ತ್ವ ವಿವರಿಸುತ್ತಿದ್ದೆ. ನಾನು ಫ್ಲೆಮಿಂಗ್ಸ್‌ಬೆರ್ಯ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ವಿವರಿಸುವುದು ನನ್ನ ಕಾಯಿಲೆ. ಪಕ್ಕದಲ್ಲಿ ಪಲಾವ್ ತಿನ್ನುತ್ತಿದ್ದ ಓಲ್ವಿನ್, "ನೀವು ಪುಸ್ತಕದಲ್ಲಿ ಓದಿದ್ದು ಬೇರೆ ಮಾರಾಯ್ರೆ, ಮನೆ ಉಸಿರಾಡುದು ಬೇರೆ" ಎಂದುಬಿಟ್ಟ. ಎಲ್ಲರೂ ನಕ್ಕರು. ಐಟಿಐ ಓದಿದವನಿಂದ ಮೂಗು ಕೊಯ್ಯಿಸಿಕೊಂಡಂತಾಯಿತು ನನಗೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂಬುದು ಆಗ ಹೊಳೆಯಲಿಲ್ಲ.

ಜನವರಿಯಲ್ಲಿ ನನ್ನ ಹೆಂಡತಿ ಶೋಭನಾಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆಂದು ಬ್ರಹ್ಮಾವರದಿಂದ ಅವಳ ಅಮ್ಮ, ನಮ್ಮ ವಾರಿಜಾ ಅತ್ತೆ, ಬಂದರು. ಹದಿನಾಲ್ಕು ಬಾಣಂತನ ಮಾಡಿದ ಕೈ ಅವರದು. ಇಲ್ಲಿಯ ಮನೆಗಳಲ್ಲಿ ಪ್ರತಿ ಕಿಟಕಿಯ ಮೇಲೂ ಒಂದು ಸೀಳುಕಂಡಿ ಇರುತ್ತದೆ, ಹೊರಗಿನ ಹೊಸ ಗಾಳಿ ಒಳಗೆ ಬರಲೆಂದು. ಅತ್ತೆ ಮಾಳಿಗೆಯ ಕೋಣೆಗೆ ಕಾಲಿಟ್ಟವರೇ ಅದರ ಕೆಳಗೆ ಅಂಗೈ ಹಿಡಿದು, "ಇದೆಂತ, ಬಾಣಂತಿ ತಲೆ ಮೇಲೆಯೇ ಗಾಳಿ? ಮುಚ್ಚಿ ಇದನ್ನು" ಎಂದರು. ನಾನು ಸ್ಟೂಲು ಹತ್ತಿ ಎಲ್ಲ ಕಂಡಿಗಳಿಗೂ ಪ್ಯಾಕಿಂಗ್ ಟೇಪು ಅಂಟಿಸಿದೆ. ಬಚ್ಚಲಿನ ಚಾವಣಿಯಲ್ಲಿ ಗಾಳಿ ಎಳೆದುಕೊಳ್ಳುವ ದುಂಡನೆಯ ರಂಧ್ರವಿತ್ತು. ಎಣ್ಣೆಸ್ನಾನದ ಹೊತ್ತಿಗೆ ಅದು ಮೈ ತಣಿಸುತ್ತದೆಂದು ಅದಕ್ಕೂ ಹಳೇ ಪಂಚೆ ತುರುಕಿದೆ. ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕಿರುಚುತ್ತಿತ್ತು. ಮಗುವಿನ ನಿದ್ದೆ ಕೆಡುತ್ತದೆಂದು ಅದನ್ನೂ ಬಿಚ್ಚಿ ಡ್ರಾಯರಿಗೆ ಹಾಕಿದೆ.

ಮಗುವಿಗೆ ಹತ್ತೊಂಬತ್ತು ದಿನವಾದ ಶುಕ್ರವಾರ ಸಂಜೆ ಹೀಟ್ ಪಂಪು ಕೆಂಪು ದೀಪ ತೋರಿಸಿ ನಿಂತುಹೋಯಿತು. ಹೊರಗೆ ಮೈನಸ್ ಹದಿನಾರು. ಕಂಪನಿಗೆ ಫೋನು ಮಾಡಿದರೆ ಸೋಮವಾರ ಬರುತ್ತೇವೆ ಎಂದರು. ಬೇರೆ ಮೂರು ಕಡೆ ಕೇಳಿದೆ. ಚಳಿ ಎಲ್ಲರ ಮನೆಯಲ್ಲೂ ಇತ್ತು, ರಿಪೇರಿಯವರೆಲ್ಲ ಬೇರೆ ಎಲ್ಲೋ ಇದ್ದರು. ಬೆಳಗಾಗುವಷ್ಟರಲ್ಲಿ ಮನೆಯೊಳಗೆ ಹನ್ನೊಂದು ಡಿಗ್ರಿ. ಮಗುವಿನ ಮೂಗಿನ ತುದಿ ಮುಟ್ಟಿದರೆ ತಣ್ಣಗಿತ್ತು. ಎಂಟು ಗಂಟೆಗೆ ನಾನು ಮಾನ ಬಿಟ್ಟು ಓಲ್ವಿನ್‌ಗೆ ಫೋನು ಮಾಡಿದೆ.

"ಸಣ್ಣ ಮಗು ಉಂಟಾ?" ಎಂದು ಕೇಳಿದ. ಉಂಟು ಎಂದೆ. "ಹತ್ತು ಗಂಟೆಗೆ ಬರ್ತೇನೆ. ಯಂತ್ರ ಮುಟ್ಟಬೇಡಿ" ಎಂದು ಫೋನು ಇಟ್ಟ.

ಎಲೆಕ್ಟ್ರಿಕ್ ಹೀಟರು ತರಲು ಅಂಗಡಿ ತೆರೆಯುವುದೂ ಹತ್ತಕ್ಕೇ. ಅಲ್ಲಿಯವರೆಗೆ ಏನು ಮಾಡುವುದು? ಊರಿನಲ್ಲಾದರೆ ಬಾಣಂತಿ ಮಂಚದ ಕೆಳಗೆ ಕೆಂಡ ಇಡುತ್ತಿದ್ದೆವು ಎಂದು ಅತ್ತೆ ಹೇಳಿದರು, ಅಷ್ಟೇ. ಮಾಡಿದವನು ನಾನು. ಶೆಡ್ಡಿನಲ್ಲಿ ಬೇಸಿಗೆಯ ಗ್ರಿಲ್ಲಿಗೆಂದು ತಂದ ಇದ್ದಿಲ ಚೀಲವಿತ್ತು. ಹಿತ್ತಲಿನ ಹಿಮದ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಾಗುವವರೆಗೆ ಕಾದು, ಒಳಗೆ ಒಯ್ದು, ರಾತ್ರಿಯಿಡೀ ಎಚ್ಚರವಿದ್ದು ಆಗಷ್ಟೇ ನಿದ್ದೆ ಹೋಗಿದ್ದ ಶೋಭನಾಳ ಮಂಚದ ಪಕ್ಕ ಇಟ್ಟೆ. ಹೊಗೆ ಇಲ್ಲದಿದ್ದರೆ ಅಪಾಯವಿಲ್ಲ ಎಂದು ನನ್ನ ಲೆಕ್ಕ. ಅತ್ತೆ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿದರು. ಅನಿಲದ ಸಿಲಿಂಡರುಗಳ ನಡುವೆ ದಿನವಿಡೀ ದುಡಿಯುವವನು ನಾನು, ಓದಿ ಓದಿ ಮರುಳಾದ ಕೂಚಂಭಟ್ಟ.

ಹತ್ತಕ್ಕೆ ಐದು ನಿಮಿಷವಿರುವಾಗ ಓಲ್ವಿನ್ ಬಂದ. ಬೂಟು ಬಿಚ್ಚಿದ. ಯಂತ್ರ ಇರುವ ಬಟ್ಟೆ ಒಗೆಯುವ ಕೋಣೆ ಬಾಗಿಲ ಪಕ್ಕದಲ್ಲೇ ಇತ್ತು, ಅವನು ಅದನ್ನು ದಾಟಿ ಹೋದ. ಹಾಲಿನ ಕಿಟಕಿಯ ಮೇಲೆ ಟೇಪು ನೋಡಿದ. ಅಡುಗೆಮನೆಯಲ್ಲಿ ನೋಡಿದ. ಕೆಳಗಿನ ಬಚ್ಚಲಲ್ಲಿ ಟಿಶ್ಯೂ ಹಿಡಿದ, ಅದು ಅಲುಗಲಿಲ್ಲ.

"ಇದನ್ನೆಲ್ಲ ಮುಚ್ಚಿದ್ದು ಯಾರು?"

"ನಾನೇ. ಬಾಣಂತಿಗೆ ಗಾಳಿ ತಾಗಬಾರ್ದು ಅಂತ."

"ಈ ಪಂಪು ಒಳಗಿನ ಹಳೇ ಗಾಳಿಯ ಬಿಸಿ ತೆಗೆದು ಮನೆ ಬಿಸಿ ಮಾಡುದು. ಗಾಳಿಯೇ ಇಲ್ಲದಿದ್ರೆ ಅದು ಐಸ್ ಕಟ್ಟಿ ನಿಲ್ತದೆ" ಎಂದು ಹೇಳುತ್ತಲೇ ಮೆಟ್ಟಿಲ ಬುಡಕ್ಕೆ ಬಂದು ನಿಂತು ಮೂಗು ಎಳೆದ. "ಇದೆಂತ ಪರಿಮಳ?"

"ಸಾಂಬ್ರಾಣಿ. ಮೇಲೆ ನಮ್ಮ ಮಿಸೆಸ್ಸು, ಪಾಪು ಇದ್ದಾರೆ. ಆ ರೂಮ್ ಒಂದು ಬಿಟ್ಬಿಡಿ ಪ್ಲೀಸ್. ಮಷೀನ್ ಈ ಕಡೆ ಇದೆ."

ಅವನು ನನ್ನ ಮುಖ ನೋಡಿದ. "ಸಾಂಬ್ರಾಣಿ ಎಂತದರ ಮೇಲೆ ಹಾಕಿದ್ರಿ?"

ನಾನು ಉತ್ತರ ಹೇಳುವ ಮೊದಲೇ ಅವನು ಮೆಟ್ಟಿಲು ಹತ್ತುತ್ತಿದ್ದ. ಮೇಲೆ ಮುಚ್ಚಿದ ಬಾಗಿಲ ಮುಂದೆ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದವರು ಎದ್ದು ಅಡ್ಡ ನಿಂತರು.

"ಯಾರು ನೀನು? ಒಳಗೆ ಬಾಣಂತಿ ಇದ್ದಾಳೆ. ಹೊರಗಿನ ಗಂಡಸರು ಹೋಗುವ ಕ್ರಮ ಇಲ್ಲ."

"ಅಮ್ಮ, ಬಾಗಿಲು ತೆಗೀರಿ."

"ತಲೆನೋವು ಅಂತ ಹೇಳ್ತಿದ್ಲು, ಈಗಷ್ಟೇ ಮತ್ತೆ ಕಣ್ಣು ಮುಚ್ಚಿದ್ದಾಳೆ. ಎಬ್ಬಿಸುದು ಬೇಡ."

ತಲೆನೋವು ಎಂಬ ಮಾತು ಕೇಳಿದ್ದೇ ತಡ, ಓಲ್ವಿನ್ ಅತ್ತೆಯ ಎರಡೂ ಭುಜ ಹಿಡಿದು ಬದಿಗೆ ತಳ್ಳಿದ. ಅರವತ್ತೆಂಟು ವರ್ಷದ ಹೆಂಗಸು ಗೋಡೆಗೆ ತಾಗಿದರು. "ಏನ್ ಮಾಡ್ತಿದೀರಾ ನೀವು?" ಎಂದು ನಾನು ಅವನ ಜಾಕೆಟ್ ಹಿಡಿದೆಳೆದೆ. ನಾಚಿಕೆಯಿಂದ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಸಿಟ್ಟು ಬಂದದ್ದು ಅವನ ಮೇಲೆ. ಅವನು ಜಾಕೆಟ್ ನನ್ನ ಕೈಯಲ್ಲೇ ಬಿಟ್ಟು ಒಳಗೆ ನುಗ್ಗಿದ.

ಶೋಭನಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಗಿದರೆ ಕಣ್ಣು ತೆರೆದಳು, ಆದರೆ ಏಳಲಾಗಲಿಲ್ಲ. ಕಾಲು ಎಲ್ಲಿದೆ ಎಂದು ತಿಳಿಯದವಳಂತೆ ಹೊದಿಕೆಯೊಳಗೆ ತಡಕಾಡಿದಳು. ತೊಟ್ಟಿಲಲ್ಲಿ ಮಗು ಅಲುಗುತ್ತಿರಲಿಲ್ಲ. ಓಲ್ವಿನ್ ಉಸಿರು ಕಟ್ಟಿಕೊಂಡು ಕಿಟಕಿಯನ್ನು ಪೂರ್ತಿ ತೆರೆದ, ಹೊದಿಕೆ ಸಮೇತ ಮಗುವನ್ನೆತ್ತಿ ಅತ್ತೆಯ ಕೈಗೆ ಕೊಟ್ಟು, "ಹೊರಗೆ, ನನ್ನ ವ್ಯಾನಿಗೆ, ಓಡಿ" ಎಂದ. ನನಗೆ, "ತಲೆ ಕಡೆ ಹಿಡಿಯಿರಿ" ಎಂದ. ಇಬ್ಬರೂ ಶೋಭನಾಳನ್ನು ಹೊತ್ತು ಮೆಟ್ಟಿಲಿಳಿದೆವು. ಅವಳ ತಲೆ ನನ್ನ ತೋಳಿನ ಮೇಲೆ ಅತ್ತಿತ್ತ ಹೊರಳುತ್ತಿತ್ತು. ಮೈನಸ್ ಹದಿನಾರರಲ್ಲಿ, ತಲೆಗೆ ಬಟ್ಟೆಯಿಲ್ಲದೆ, ಬಾಣಂತಿಯನ್ನು ಹಿಮದ ಮೇಲೆ ನಡೆಸಿಕೊಂಡಲ್ಲ, ಹೊತ್ತುಕೊಂಡು ಹೋದೆವು.

ವ್ಯಾನಿನ ಹೀಟರು ಹಾಕಿ, ಕಿಟಕಿ ಅರ್ಧ ಇಳಿಸಿ, ಓಲ್ವಿನ್ ಒಂದು ಕೈಯಲ್ಲಿ ಆಂಬ್ಯುಲೆನ್ಸಿಗೆ ಫೋನು ಹಿಡಿದು ಸ್ವೀಡಿಷಿನಲ್ಲಿ ವಿಳಾಸ ಹೇಳಿದ. ಇನ್ನೊಂದು ಕೈಯಲ್ಲಿ ಮಗುವಿನ ಅಂಗಾಲು ಉಜ್ಜುತ್ತಿದ್ದ. ಉಸಿರು ಇದೆಯೇ ಎಂದು ನಾನು ಕೇಳಿದೆ. ಅವನು ಫೋನಿನಲ್ಲಿ ಆ ಕಡೆಯವರು ಹೇಳಿದಂತೆ ಮಗುವಿನ ಗಲ್ಲ ಸ್ವಲ್ಪ ಎತ್ತಿ ಹಿಡಿದ, ಎದೆಯನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಅಷ್ಟು ಸಣ್ಣ ಎದೆ ಏಳುತ್ತದೋ ಇಲ್ಲವೋ ಎಂದು ಅಂಗಿಯ ಮೇಲಿನಿಂದ ತಿಳಿಯುವುದಿಲ್ಲ. ಅತ್ತೆ ಯಾವ ದೇವರ ಹೆಸರನ್ನೂ ಹೇಳಲಿಲ್ಲ, ಬರಿಗಾಲಲ್ಲಿ ಹಿಮದ ಮೇಲೆ ನಿಂತಿದ್ದರು. ಎಷ್ಟು ಹೊತ್ತೋ ಏನೋ. ಕೊನೆಗೆ ಮಗು ಮುಖ ಹಿಂಡಿ, ಬಾಯಿ ತೆರೆದು, ಬಹಳ ಸಣ್ಣಗೆ ಅತ್ತಿತು. ನಾನು ವ್ಯಾನಿನ ಚಕ್ರದ ಪಕ್ಕ ಕೂತುಬಿಟ್ಟೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಕೆಂಡ ಬಿಟ್ಟ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇಬ್ಬರ ರಕ್ತಕ್ಕೂ ಇಳಿದಿತ್ತು. ಇನ್ನು ಅರ್ಧ ಗಂಟೆ ಕಳೆದಿದ್ದರೆ ಎಂದು ಶುರು ಮಾಡಿದ ವೈದ್ಯೆ ನನ್ನ ಮುಖ ನೋಡಿ ಆ ವಾಕ್ಯ ಮುಗಿಸಲಿಲ್ಲ. ಆಮೇಲೆ, ಕೆಂಡವನ್ನು ಕೋಣೆಗೆ ತಂದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಏನು ಕೇಳ್ತಿದ್ದಾರೆ ಎಂದು ಅತ್ತೆ ನನ್ನನ್ನು ಕೇಳಿದರು. ಹೇಳಿದೆ. "ನಾನು ತಂದದ್ದು ಅಂತ ಹೇಳಿ ಅವರಿಗೆ" ಎಂದರು. ನಾನು ಅದನ್ನು ಹಾಗೆಯೇ ಅನುವಾದ ಮಾಡಿದೆ. ಮಾಸ್ಕ್ ಹಾಕಿಕೊಂಡು ಪಕ್ಕದ ಹಾಸಿಗೆಯಲ್ಲಿದ್ದ ಶೋಭನಾ ಎರಡನ್ನೂ ಕೇಳಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಮನೆಗೆ ಕಳಿಸಿದರು. ಶೋಭನಾ ಮಗುವನ್ನು ಅಮ್ಮನಿಗೆ ಮುಟ್ಟಲು ಕೊಡಲಿಲ್ಲ. ಬೈಯಲೂ ಇಲ್ಲ. ಅತ್ತೆ ಕೈ ಚಾಚಿದಾಗ ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಮೇಲೆ ಹೋದಳು. ಅತ್ತೆ ಅಡುಗೆಮನೆಯ ಕುರ್ಚಿಯಲ್ಲಿ, ಚಾಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಓಲ್ವಿನ್ ಅಂದು ಮಧ್ಯಾಹ್ನ ಬಂದು ಟೇಪುಗಳನ್ನೆಲ್ಲ ಕಿತ್ತ, ಪಂಚೆ ಎಳೆದು ತೆಗೆದ, ಐಸು ಕರಗಿಸಿ ಪಂಪು ಶುರು ಮಾಡಿದ. ಅಡುಗೆಮನೆಯ ರೇಡಿಯೇಟರು ಬಿಸಿಯಾಗಿದೆಯೇ ಎಂದು ನೋಡಲು ಬಂದವನನ್ನು ಅತ್ತೆ, "ಕೂತ್ಕೋ ಮಗಾ" ಎಂದರು. ಅವನು ಮೊದಲ ಬಾರಿಗೆ ಕೂತ.

"ನಿನಗೆ ಹೇಗೆ ಗೊತ್ತಾಯ್ತು?"

"ಕುವೈತಿನಲ್ಲಿ ಚಳಿಗಾಲದಲ್ಲಿ ಒಳ್ಳೆ ಚಳಿ ಉಂಟಮ್ಮ. ಕ್ಯಾಂಪಿನ ರೂಮಲ್ಲಿ ನಮ್ಮ ಸ್ಟ್ಯಾನಿ, ನನ್ನ ಅಣ್ಣ, ರಾತ್ರಿ ಪಾಳಿ ಮುಗಿಸಿ ಬಂದು ಕೆಂಡ ಇಟ್ಟು ಮಲಗಿದ್ದ. ಬೆಳಿಗ್ಗೆ ನಾನು ಬಾಗಿಲು ತಟ್ಟಿದೆ. ಒಳಗಿಂದ ಹೂಂ ಅಂದ. ನನಗೆ ಕೇಳಿತು. ಪಾಪ, ಮಲಗಲಿ, ಎಬ್ಬಿಸುದು ಬೇಡ ಅಂತ ಡ್ಯೂಟಿಗೆ ಹೋದೆ. ಅವನು ಮತ್ತೆ ಏಳ್ಲಿಲ್ಲ."

ಅವನು ಮುಂದುವರಿಸಿದ. "ನಾನು ತಟ್ಟಿದ್ದು ಯಾರಿಗೂ ಹೇಳ್ಲಿಲ್ಲ. ನನ್ನ ಅಮ್ಮ ಕೇಳಿದ್ರೆ ನಾನು ಅಲ್ಲಿ ಇರ್ಲೇ ಇಲ್ಲ ಅಂತ ಹೇಳಿದ್ದೇನೆ. ಹನ್ನೆರಡು ವರ್ಷ ಆಯ್ತು. ಅವಳು ಈಗಲೂ ಆ ಕ್ಯಾಂಪಲ್ಲಿ ಜತೆಗೆ ಇದ್ದ ಹುಡುಗರಿಗೆ ಶಾಪ ಹಾಕ್ತಾಳೆ. ನಾನು ಕೂತು ಕೇಳ್ತೇನೆ."

ಅವನು ಎದ್ದು, ರೇಡಿಯೇಟರನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಬೂಟು ಹಾಕಿಕೊಂಡು ಹೋದ. ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

ನಾನು ಮೇಲೆ ಹೋದೆ. ಶೋಭನಾ ಹಾಲು ಕುಡಿಸಿ ಮಗುವಿನ ಬೆನ್ನು ಸವರುತ್ತಿದ್ದಳು. ಕಿಟಕಿಯ ಮೇಲಿನ ಕಂಡಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು.

"ಕೆಂಡ ತಂದಿದ್ದು ಅತ್ತೆ ಅಲ್ಲ" ಎಂದೆ. "ನಾನು. ಹೊತ್ಸಿದ್ದೂ ನಾನೇ, ಇಟ್ಟಿದ್ದೂ ನಾನೇ. ಆಸ್ಪತ್ರೇಲಿ ಅವ್ರು ನನ್ನ ಉಳಿಸೋಕೆ ಹಾಗೆ ಹೇಳಿದ್ರು, ನಾನು ಅದನ್ನೇ ಡಾಕ್ಟರಿಗೆ ಹೇಳ್ದೆ."

ನಾನು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ. ನನ್ನನ್ನು ದಾಟಿ, ಒಂದೊಂದೇ ಮೆಟ್ಟಿಲು ಇಳಿದು, ಅಡುಗೆಮನೆಗೆ ಹೋಗಿ ಮಗುವನ್ನು ಅಮ್ಮನ ಮಡಿಲಲ್ಲಿ ಮಲಗಿಸಿದಳು.