ಮಾರಾಕಿಟ್ಟ ಮನ್ಯಾಗ ನನ್ನ ಮಗ್ಗ

ನಂಗ ಅಕ್ಷರ ಅಷ್ಟಕ್ಕಷ್ಟ. ಮನಿ ಮುಂದಿನ ಗ್ವಾಡಿ ಮ್ಯಾಲೆ ಮೈದುನ ಕೆಮ್ಮಣ್ಣಿಲೆ ಬರೆಸಿದ್ದನ್ನ ಓದಾಕ ಕೊಡಾ ಇಳಿಸಿ ಎರಡು ಸಲ ನಿಂದರಬೇಕಾತು. 'ಈ ಮನೆ ಮಾರುವುದಿದೆ.' ನನ್ನ ಒಂದು ಮಾತು ಕೇಳಿರಲಿಲ್ಲ.

ಇಳಕಲ್ಲಿನ ಹಳೇ ಪ್ಯಾಟಿ ಓಣ್ಯಾಗಿನ ಮನಿ. ಮಾರಾಕಿಟ್ಟದ್ದು ಎಪ್ಪತ್ತನೇ ಇಸವಿ ಆಚೆ ಈಚಿನ ಮಾತು. ಮಾವ ಕಲಾದಗಿಯವ್ರ ಕಡಿಂದ ಕೊಂಡಾಗ ಬರೇ ಎರಡಂಕಣ ಇತ್ತಂತ. ಹಿಂದಿನ ಖೋಲಿ ನನ್ನ ಗಂಡ ಕಟ್ಟಿದ್ದು, ಅದರ ಕಲ್ಲು ನಾನೂ ಹೊತ್ತೇನಿ. ಅದರಾಗ ಕುಣಿ ತೋಡಿ ಮಗ್ಗ ಹೂಡಿದ್ವಿ. ಗಂಡ ಸತ್ತ ಮ್ಯಾಲೆ ಆ ಕುಣ್ಯಾಗ ಕಾಲು ಇಳಿಬಿಟ್ಟು ಸೀರಿ ನೇದು ಮಗಳನ್ನ ಸಾಕಿದೆ. ಖೋಲಿ ಹೋದ್ರ ಮಗ್ಗ ಹೋತು, ಮಗ್ಗ ಹೋದ್ರ ಊಟ ಹೋತು. ಆದ್ರ ಮನಿ ಕಾಗದ ತೀರಿಹೋದ ಮಾವನ ಹೆಸರಿಲೆ, ಅದನ್ನಿಟ್ಟ ಪೆಟ್ಟಿಗಿ ಕೀಲಿ ಮೈದುನನ ಸೊಂಟದಾಗ. ಅವಾ ಬಾಗಲಕೋಟ್ಯಾಗ ಕಚೇರಿ ನೌಕರಿ ಮಾಡ್ತಿದ್ದ.

ಹತ್ತು ವರ್ಷ ಬೆಲ್ಲದ ಚೂರು ತರದಾವಾ ಈಗ ಐತವಾರಕ್ಕೊಮ್ಮೆ ಚಿಕ್ಕು ಹಣ್ಣು ತರಾಕ ಹತ್ತಿದ. ನಾ ಒಂದೊಂದೂ ಹೋಳು ಮಾಡಿ ನೋಡಿನ ತಿಂದೆ.

ಮಗ್ಗದ ಮ್ಯಾಲೆ ಹಾಸು ಇರೂತನ ನೇಯಾವ್ರನ್ನ ಎಬ್ಬಿಸಬಾರದು ಅಂತ ನಮ್ಮ ಓಣ್ಯಾಗ ಎಲ್ಲಾರೂ ನಡಿಸಿಕೊಂಡು ಬಂದದ್ದು. ಹಾಸು ಅಂದ್ರ ಉದ್ದಕ ಎಳದು ಕಟ್ಟಿದ ನೂಲು. ಮೈದುನನೂ ಈ ಪದ್ಧತಿ ಮೀರಲಿಲ್ಲ. ಸೀರಿ ಕೊಯ್ದ ದಿನಾ ಖೋಲಿ ಖಾಲಿ ಅಂತ ತಿಳದಿದ್ದ. ನೇಕಾರನ ಮಗಾ ಆಗಿ ಕುಣಿಗೆ ಒಂದಿನ ಇಳದಿದ್ರಲ್ಲ ಗೊತ್ತಾಗೂದು! ಹಳೇ ಹಾಸು ತೀರೂಕಿಂತ ಮೊದಲ, ಹೊಸಾ ಹಾಸಿನ ಎಳಿ ಒಂದೊಂದ ಅದರ ತುದಿಗೆ ಕೂಡಿಸಿ ಹೊಸೀತಿದ್ದೆ. ಎರಡು ದಿನದ ಕೆಲಸ. ಮಗ್ಗ ಬರಿದ ಆಗತಿದ್ದಿಲ್ಲ.

ಮನಿ ನೋಡಾಕ ಬಂದವ್ರ ಮಾರಿ ಎಲ್ಲಾ ನಾ ನೋಡ್ತಿದ್ದೆ. ಒಬ್ಬಾಂವ ನೆಲಾ ಬಡದು ನೋಡಿದ. ಇನ್ನೊಬ್ಬಾಂವ ನನ್ನ ಕಡೆ ನೋಡಲೇ ಇಲ್ಲ, ಅವನ ಮ್ಯಾಲೆ ಇನ್ನೂ ಸಂಶೆ. ಮಸೂತಿ ಓಣಿಯ ವಯಸ್ಸಾದ ಸಾಹೇಬ್ರೊಬ್ರು ಮೂರು ಸಲ ಬಂದ್ರು. ಮೊದಲ ಸೀರಿ ವ್ಯಾಪಾರ ಮಾಡಿದವ್ರು. ಮೂರನೇ ಸಲ ನಾ ಎಳಿ ಕೂಡಸಾಕ ಹತ್ತಿದ್ದೆ. ಅವ್ರು ಕುಣಿ ದಂಡೀಗೆ ಕುಂತು ನನ್ನ ಬೆರಳು ನೋಡಿದ್ರು.

"ಇದು ಮುಗಿಯೂ ಕೆಲಸ ಅಲ್ಲ" ಅಂದ್ರು ಮೈದುನನ ಕಡೆ ತಿರುಗಿ.

"ನಮ್ಮ ಅತ್ತಿಗಿ ಕೈ ಸಾವಕಾಶರಿ" ಅಂದ ಮೈದುನ.

"ಅತ್ತಿಗಿ? ಕೂಲಿಗೆ ನೇಯಾಕಿ, ಹೇಳಿದ ಮರುದಿನಾ ಎದ್ದು ಹೋಗ್ತಾಳ ಅಂದಿದ್ರಿ."

ಮೈದುನ ಗ್ವಾಡಿ ನೋಡಿದ. ಎಲ್ಲಾ ಗಿರಾಕಿಗೂ ಮನಿ ಇತಿಹಾಸ ಹಿಂಗ ಹೇಳಿದ್ದಂತ. ಎಲ್ಲಾ ತಾನ ಕಟ್ಟಿಸಿದ್ದು, ಹಿಂದಿನ ಖೋಲ್ಯಾಗ ಕೂಲಿ ಹೆಂಗಸು.

ನಾ ಕುಣ್ಯಾಗಿಂದ ಏಳಲಿಲ್ಲ. "ಈ ಖೋಲಿ ಕಲ್ಲು ಹೊತ್ತಾಕಿ ನಾನರಿ ಸಾಹೇಬ್ರ. ಅದಕ್ಕೂ ಯಾರೂ ಕೂಲಿ ಕೊಟ್ಟಿಲ್ಲ."

ಈಕಿ ಸಹಿ ಇಲ್ದ ಕಾಗದ ನಂಗ ಬ್ಯಾಡ ಅಂದು ಸಾಹೇಬ್ರು ಎದ್ದು ಹೋದ್ರು. ಮೈದುನ ಆರು ತಿಂಗಳು ಮಾತು ಬಿಟ್ಟ. ಚಿಕ್ಕುನೂ ನಿಂತ್ವು. ಬ್ಯಾರೆ ಗಿರಾಕಿ ಯಾರೂ ಬರಲಿಲ್ಲ, ಓಣಿಗೆಲ್ಲಾ ಸುದ್ದಿ ಆಗಿತ್ತು. ಕಡೀಗೆ ಮುಂದಿನ ಎರಡಂಕಣ ಸಾಹೇಬ್ರಿಗೆ ಹೋತು, ಹಿಂದಿನ ಖೋಲಿ ನನ್ನ ಹೆಸರಿಗೆ ಬಂತು. ಕಾಗದಾನ ಮೂರು ಮಂದಿ ಕಡಿಂದ, ಒಬ್ರಿಗೊಬ್ರು ತಿಳೀಲಾರದಂಗ ಓದಿಸಿದೆ. ಮೂವರೂ ಒಂದ ಓದಿದ ಮ್ಯಾಲೆ ಸಹಿ ಮಾಡಿದೆ. ಖೋಲಿಗೆ ಹಿಂದಿನ ಸಂದಿ ಕಡೆ ಬಾಗಿಲಾ ಇಡಿಸಿದ್ವಿ, ನಡುವ ಒಂದು ಗ್ವಾಡಿ ಎದ್ದಿತು.

ಖೋಲಿ ಉದ್ದ ಎಷ್ಟು ಅಂತ ನೂಲಿಗೆ ಗಂಟು ಹಾಕಿ ಇಟ್ಟಿದ್ದೆ. ಮುಂಜಾನೆ ಕಸಾ ಹೊಡದು ಒಮ್ಮೆ ಅಳೀತಿದ್ದೆ. ಸಾಹೇಬ್ರು ಒಂದಿನ ಬಾಗಿಲದಾಗ ನಿಂತು ನೋಡಿಬಿಟ್ರು.

"ಏನವ್ವಾ, ಗ್ವಾಡಿ ಏನರೆ ನಿನ್ನ ಕಡೆ ಸರದದೇನು?"

"ಇನ್ನೂ ಇಲ್ರಿ" ಅಂದೆ.