ಬಿಸಿಲಲ್ಲಿ ಕಾಣದ ಬೆರಳು

ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ನನ್ನ ಮೂರು ಬೆರಳು ಸತ್ತವು. ಸುಣ್ಣದಂಥ ಬಿಳುಪು, ಗೆಣ್ಣಿನ ಹತ್ತಿರ ಗೆರೆ ಎಳೆದ ಹಾಗೆ ಬಣ್ಣ ನಿಂತುಬಿಟ್ಟಿತ್ತು. ಚಿವುಟಿದೆ, ತಿಳಿಯಲಿಲ್ಲ. ಆಮೇಲೆ ನೀಲಿಯಾದವು. ಆಮೇಲೆ ಕೆಂಪಾಗಿ ಉರಿದವು. ಪಕ್ಕದಲ್ಲಿದ್ದ ಮುದುಕಿ ತನ್ನ ಕೈಗವಸು ಬಿಚ್ಚಿ ಕೊಟ್ಟು, "ಹಾಕ್ಕೋ, ಹೆನ್" ಅಂದಳು. ಸ್ಕಾಟ್ಲೆಂಡಿನ ಈ ಊರಲ್ಲಿ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಅರ್ಥ ಹೇಂಟೆ, ದನಿ ನಮ್ಮ "ಕಣಮ್ಮ"ನದೇ.

ನಾನು ಬಂದಿರುವುದು ರುಮಟಾಲಜಿ ಫೆಲೋಶಿಪ್‌ಗೆ. ಕೀಲುವಾತ, ಮತ್ತು ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳು ಇಲ್ಲಿಯ ಪಾಠ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಕೈ ಹಿಡಿದು ಕೂರುವುದೇ ಕೆಲಸ. ತೆಲುಗು ಸೀಮೆಯ ನಮ್ಮೂರು ಕಲ್ಯಾಣದುರ್ಗದಲ್ಲಿ ರೋಗಿ ಕೈ ಕೊಡುವ ಮೊದಲು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಇಲ್ಲಿ ಕೋಟು, ಕೈಗವಸು, ಅದರೊಳಗಿನ ಇನ್ನೊಂದು ಕೈಗವಸು ಬಿಚ್ಚುವವರೆಗೆ ಕಾಯಬೇಕು. ಬೆರಳು ಬಿಳಿಚುವುದನ್ನು ನಾನು ಪುಸ್ತಕದಲ್ಲಷ್ಟೇ ಓದಿದ್ದೆ. ಬಹಳ ಜನಕ್ಕೆ ಅದು ಬರೀ ಚಳಿಯ ಕಾಟ. ಕೆಲವರಿಗೆ ಸ್ಕ್ಲೀರೋಡರ್ಮಾದ ಮೊದಲ ಸುಳಿವು: ಚರ್ಮ ಬಿಗಿಯುತ್ತದೆ, ಮುಂದೆ ಅನ್ನನಾಳ, ಶ್ವಾಸಕೋಶ.

ಬಾಡಿಗೆ ಕೋಣೆಯ ಹೀಟರು ಕಾರ್ಡಿಗೆ ದುಡ್ಡು ತುಂಬಿಸಿದಷ್ಟು ಹೊತ್ತು ಮಾತ್ರ ಉರಿಯುತ್ತದೆ. ರಾಗಿಹಿಟ್ಟು ಮಾರುವ ಅಂಗಡಿ ಸಿಕ್ಕ ದಿನ ಗೆದ್ದೆ ಅಂದುಕೊಂಡೆ. ಮುದ್ದೆ ತೊಳಸಿ, ಒಬ್ಬಳೇ ಒಲೆಯ ಪಕ್ಕ ನಿಂತು ಉಂಡೆ. ಹೊರಗೆ "ಡ್ರೀಖ್". ಸೂರ್ಯನೇ ಏಳದ ತೇವದ ದಿನಕ್ಕೆ ಇವರ ಪದ. ನಮಗೆ ಇಂಥ ಪದ ಬೇಕಾಗಿಯೇ ಇರಲಿಲ್ಲ.

ಕಲಿಸುವ ಡಾಕ್ಟರ್ ಮೋರಾಗ್ ನನ್ನ ಬೆರಳು ನೋಡಿ ಕೇಳಿದಳು: "ಮನೆಯಲ್ಲಿ ಯಾರಿಗಾದರೂ ಇತ್ತಾ?"

ರತ್ನ ಚಿಕ್ಕಮ್ಮ. ಅಮ್ಮನ ತಂಗಿ. ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಮದುವೆಯಾಗಿ ಹೋಗಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ಬೆಂದ ಗೂಡಿನಿಂದ ಎಳೆ ಹುಡುಕಲು ಕೈ ಸದಾ ಬಿಸಿನೀರಲ್ಲಿ. ಯಂತ್ರ ನಿಂತ ಮೇಲೆ ಎಲ್ಲರೂ ಕೈ ತೆಗೆದರೂ ಅವಳ ಕೈ ನೀರಲ್ಲೇ ಇರುತ್ತಿತ್ತು. ಹಾಗೆ ನೋಡಿದ ನೆನಪು. ನಿಜವಾಗಿ ನೋಡಿದ್ದೆನೇ? ಬಿಸಿನೀರಿಗೆ ಈ ನೋವು ಇಳಿಯುತ್ತದೆ ಎಂದು ಓದಿದ ಮೇಲೆ ಹುಟ್ಟಿದ ಚಿತ್ರವೂ ಇರಬಹುದು. ಅವಳು ದಮ್ಮು ಕಟ್ಟಿ ಸತ್ತದ್ದು ಮಾತ್ರ ಖಂಡಿತ. ಆಸ್ತಮಾ ಅಂದಿದ್ದರು.

ಅಮ್ಮನಿಗೆ ವಿಡಿಯೋ ಕರೆ ಮಾಡಿದೆ.

"ಮನೆಯೊಳ್ಗೂ ಗ್ಲೌಸಾ? ಷೋಕಿ ಕಲ್ತ್‌ಬುಟ್ಟೆ ಕಣಮ್ಮ!"

"ಚಿಕ್ಕಮ್ಮನ ಬೆರಳು ಬೆಳ್ಳಗಾಗ್ತಿದ್ವಾಮ್ಮ?"

"ಬೆಳ್ಳಗೆಲ್ಲಿ ಬಂತು? ಬಿಸ್ನೀರಲ್ಲಿ ಬೆಂದು ಕೆಂಪಗಿರ್ತಿದ್ವು."

ನನಗೆ ಉಸಿರು ಬಂತು. ಅಮ್ಮ ನಿಲ್ಲಿಸಲಿಲ್ಲ. "ಅವ್ಳದೂ ಷೋಕೀನೇಯಾ. ಹಿಂದೂಪುರಕ್ಕೋಗಿ ಪೇಟೆಯೋಳಾಗ್ಬುಟ್ಲು. ಮುದ್ದೇನ ಗೋಲಿ ತರ ಮುರ್ಕಂಡು, ತುತ್ತುತುತ್ತಿಗೂ ನೀರು ಕುಡ್ದು ನುಂಗೋಳು. ಬಾಯಿ ಬ್ಯಾರೆ ಇಷ್ಟೇ ಇಷ್ಟು ತೆಗೆಯೋಳು. 'ಏಮೇ ದೊರಸಾನಿ, ನೋರು ತೆರವವಾ?' ಅಂತ ನಾವೆಲ್ಲಾ ರೇಗಿಸಿದ್ದೇ ರೇಗಿಸಿದ್ದು." ಏನೇ ದೊರೆಸಾನಿ, ಬಾಯಿ ತೆರೆಯಲ್ವಾ ಎಂದು ತೆಲುಗಿನ ಚುಚ್ಚು. ಅಮ್ಮ ಇವತ್ತಿಗೂ ನಕ್ಕಳು.

ತೆರೆಯಲು ಆಗುತ್ತಿರಲಿಲ್ಲ. ಸುತ್ತಲ ಚರ್ಮ ಬಿಗಿದ ಬಾಯಿ ಅಷ್ಟೇ ತೆರೆಯುತ್ತದೆ. ಗಟ್ಟಿಯಾದ ಅನ್ನನಾಳದಲ್ಲಿ ತುತ್ತು ನೀರಿಲ್ಲದೆ ಇಳಿಯುವುದಿಲ್ಲ. ನಾನು ಕೇಳಿದ್ದು ಬೆರಳಿನ ಬಗ್ಗೆ ಮಾತ್ರ.

"ಈಗ್ಯಾಕಮ್ಮ ಅವಳ ನೆಪ್ಪು?"

"ಪರೀಕ್ಷೆಗೆ ಓದ್ತಿದ್ದೆ."

"ಆ ಚಳೀಲಿ ಸಾಯ್ಬ್ಯಾಡ. ಬಂದ್ಬುಡು. ಇಲ್ಲಿ ಬಿಸ್ಲೈತೆ."

ಮರುದಿನ ಮೋರಾಗ್ ನನ್ನ ಉಗುರಿನ ಬುಡಕ್ಕೆ ಎಣ್ಣೆಯ ಹನಿ ಬಿಟ್ಟು ಮಸೂರ ಇಟ್ಟಳು. ಪರದೆಯಲ್ಲಿ, ಒತ್ತಾಗಿ ಸಾಲುಗಟ್ಟಿರಬೇಕಾದ ಸಣ್ಣ ರಕ್ತನಾಳಗಳು ಊದಿಕೊಂಡಿದ್ದವು. ನಡುನಡುವೆ ಖಾಲಿ ಜಾಗ. "ಏನು ಕಾಣಿಸ್ತಿದೆ, ಹೇಳು," ಅಂದಳು, ದಿನದ ಅಭ್ಯಾಸದಂತೆ. ತಕ್ಷಣ ನಾಲಿಗೆ ಕಚ್ಚಿಕೊಂಡಳು. ನಾನು ಹೇಳಿದೆ, ಒಂದೂ ತಪ್ಪಿಲ್ಲದೆ, ಸ್ಕ್ಲೀರೋಡರ್ಮಾ ಎಂಬ ಹೆಸರಿನವರೆಗೆ. ಮನೆಯಲ್ಲಿ ಚಿಕ್ಕಮ್ಮನಿಗಿತ್ತು ಎಂದೂ ಹೇಳಿದೆ. ಅವಳ ಕಾಯಿಲೆಗೆ ಹೆಸರು ಸಿಕ್ಕಿದ್ದು ಅವಳು ಕೇಳಿಯೂ ಇರದ ಊರಿನಲ್ಲಿ.

ಔಷಧ ಶುರುವಾಗಿದೆ. ಶ್ವಾಸಕೋಶ ಸದ್ಯಕ್ಕೆ ಚೆನ್ನಾಗಿದೆ. ಬೇಸಿಗೆಗೆ ಊರಿಗೆ ಹೋದರೆ ಬೆರಳು ಬಿಳಿಚುವುದೂ ಇಲ್ಲ. ಅಮ್ಮನ ಕಣ್ಣಿಗೆ ನಾನು ಗಟ್ಟಿಮುಟ್ಟಾದ ಮಗಳೇ. ಇಲ್ಲಿ ನನ್ನ ಕಾಯಿಲೆ ತಿಳಿದವರಿಗೆ ನಾನು ಯಾರ ಮಗಳೆಂದು ತಿಳಿಯದು. ಅಮ್ಮನಿಗೆ ಹೇಳಿಲ್ಲ. ನನ್ನದನ್ನು ಹೇಳಿದರೆ ಅವಳ ತಂಗಿಯದನ್ನೂ ಹೇಳಿದಂತೆ. ಆಮೇಲೆ ಆ ನಗುವನ್ನು ಅವಳು ಎಲ್ಲಿಡಬೇಕು?

ಅಮ್ಮ ಓದಿದ್ದು ತೆಲುಗು ಶಾಲೆಯಲ್ಲಿ. ಹುಟ್ಟಿದಾಗಿನಿಂದ ಆಡಿದ ಕನ್ನಡವನ್ನು ಅವಳು ಓದಲಾರಳು. ನಾನು ಗಡಿಯಾಚೆ ಪಾವಗಡದ ಹಾಸ್ಟೆಲಿನಲ್ಲಿದ್ದು ಈ ಅಕ್ಷರ ಕಲಿತೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಆ ಕಡೆಯವರಾಗಿದ್ದು, ಅಮ್ಮ ನಿಮಗೆ ಗೊತ್ತಿದ್ದರೆ, ದಯವಿಟ್ಟು ಓದಿ ಹೇಳಬೇಡಿ. ಈಗಲೇ ಬೇಡ.