ಓದದ ಪುಸ್ತಕದ ಮೇಲೆ ಉಲ್ಲಾಸ ಗೆದ್ದ ವಾದ

ಕೋಲಸಿರ್ಸಿಯ ಉಲ್ಲಾಸ ಮಾತು ಶುರು ಮಾಡಿದರೆ ಸಿದ್ದಾಪುರದ ಬಸ್ಸು ಎಂಜಿನ್ ಬಂದ್ ಮಾಡಿಕೊಂಡು ಕೇಳುತ್ತದೆ ಎಂದು ಊರಲ್ಲಿ ಹೇಳುತ್ತಿದ್ದರು. ಅದು ಸುಳ್ಳು. ಬಂದ್ ಏನೂ ಆಗುವುದಿಲ್ಲ, ಸದ್ದು ಸ್ವಲ್ಪ ಸಣ್ಣ ಮಾಡಿಕೊಳ್ಳುತ್ತದೆ ಅಷ್ಟೆ. ಹುಡುಗ ಒಂಬತ್ತನೇ ತರಗತಿ. ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿತ್ತು, ನಾಲಿಗೆಗೆ ಮಾತ್ರ ಆಗಲೇ ಪಿಂಚಣಿಯ ವಯಸ್ಸು.

ನಾಲಿಗೆ ಅಜ್ಜ ಹೊನ್ನನ ಬಳುವಳಿ. ಹೊನ್ನಜ್ಜ ಗದ್ದೆ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ತಾಳಮದ್ದಳೆಗೆ ಅರ್ಥ ಹೇಳಲು ಕೂರುವವನು. ವೇಷವಿಲ್ಲ, ಕುಣಿತವಿಲ್ಲ. ಚಾಪೆಯ ಮೇಲೆ ಕೂತಲ್ಲೇ ಎದುರಿನ ರಾಜನ ಆನೆ, ಕುದುರೆ, ಕಾಲಾಳುಗಳನ್ನೆಲ್ಲ ಬರೀ ಮಾತಿನಲ್ಲಿ ಮಲಗಿಸಿ, ಆಮೇಲೆ ಅದೇ ರಾಜನ ಜತೆ ಎಲೆಯಡಿಕೆಯ ಕವಳ ಹಾಕುತ್ತಾ ಮನೆಗೆ ಬರುತ್ತಿದ್ದ. ಉಲ್ಲಾಸ ಅವನ ಮಡಿಲಲ್ಲಿ ಕೂತು ವಿದ್ಯೆಯನ್ನೆಲ್ಲ ಕಲಿತ. ಎದುರಿನವರ ಮಾತಿನ ಬಾಲ ಹಿಡಿದು ಎಳೆಯುವುದು, ಅವರು ತಿರುಗಿ ನೋಡುವಷ್ಟರಲ್ಲಿ ಒಂದು ಪ್ರಶ್ನೆ ಎಸೆಯುವುದು. ಕವಳದ ಭಾಗ ಬರುವ ಹೊತ್ತಿಗೆ ಅವನಿಗೆ ನಿದ್ದೆ ಬಂದಿರುತ್ತಿತ್ತು.

ಸಿದ್ದಾಪುರದಲ್ಲಿ ಮಮತಾ ಟೀಚರ ಮನೆಯ ಜಗಲಿಯಲ್ಲಿ ಭಾನುವಾರ ಮಕ್ಕಳ ಓದಿನ ಕೂಟ ನಡೆಯುತ್ತದೆ. ಕಾದಂಬರಿಗೆ ಒಂದೇ ಪ್ರತಿ. ಓದಿದವರು ಎದ್ದು ತಮಗೆ ಅನಿಸಿದ್ದು ಹೇಳಬೇಕು, ಆಮೇಲೆ ಪುಸ್ತಕ ಮುಂದಿನವರ ಚೀಲಕ್ಕೆ. ಆ ದಿನ ಎದ್ದವಳು ಹೆಗ್ಗರಣೆ ಕಡೆಯ ಅನುಶ್ರೀ, ಆರನೇ ತರಗತಿ. ಕೂಟಕ್ಕೆ ಸೇರಿದಾಗಿನಿಂದ ಅವಳ ದನಿ ಕೇಳಿದ್ದು ಹಾಜರಿ ಹೇಳುವಾಗ ಮಾತ್ರ. ಅವಳು ಓದಿದ್ದು ಒಬ್ಬ ಹುಡುಗಿಯ ಕಥೆ. ಶಾಲೆಯ ಗಂಟೆ ಒಡೆದ ಆರೋಪ ಆ ಹುಡುಗಿಯ ಮೇಲೆ ಬರುತ್ತದೆ. ಒಡೆದವರು ಯಾರೆಂದು ಗೊತ್ತಿದ್ದೂ ಅವಳು ಬಾಯಿ ಬಿಡುವುದಿಲ್ಲ.

ಅವಳು ಹೆದರಿ ಸುಮ್ಮನಿದ್ದದ್ದಲ್ಲ, ಅದಕ್ಕೇ ತನಗೆ ಅವಳು ಇಷ್ಟ ಎಂದು ಅನುಶ್ರೀ ನೆಲ ನೋಡುತ್ತಲೇ ಹೇಳಿದಳು.

ಉಲ್ಲಾಸನಿಗೆ ಮೈಯಲ್ಲಿ ಚಂಡೆ ಬಾರಿಸಿದಂತಾಯಿತು. ಪುಸ್ತಕದಲ್ಲಿ ಅವನು ಓದಿದ್ದು ಹಿಂದಿನ ರಟ್ಟಿನ ಮೇಲಿನ ನಾಲ್ಕು ಸಾಲು, ಅದೂ ಚಪ್ಪಲಿ ಬಿಡುವಾಗ. ಆದರೆ ರಜೆಯಲ್ಲಿ ಶಿರಸಿಯ ಅತ್ತೆ ಮನೆಯಲ್ಲಿ ಪೂರ್ತಿ ಓದಿದ್ದೇನೆಂದು ಹೇಳಿ ಎದ್ದ. ಮಾತೇ ಆಡದವಳು ಎಂಥ ನಾಯಕಿ ಎಂದು ಕೇಳಿದ. ಹಾಗಾದರೆ ಕಥೆಗೆ ಹುಡುಗಿ ಏಕೆ, ಜಗಲಿಯ ಕಂಬ ಸಾಲದೇ ಎಂದ. ಮಕ್ಕಳು ನಕ್ಕ ರಭಸಕ್ಕೆ ಮಾಡಿನ ಹಂಚುಗಳು ಒಂದಂಗುಲ ಮೇಲೆದ್ದು ಕೂತವು. ಕೊನೇ ಪುಟದವರೆಗೂ ಮೂಕಿಯಾಗಿಯೇ ಉಳಿದಳಲ್ಲ ಎಂದು ಅವನು ತೀರ್ಪು ಕೊಟ್ಟಾಗ ಅನುಶ್ರೀ ತಲೆಯೆತ್ತಿದಳು.

"ಕೊನಿಗೆ ಮಾತಾಡ್ತಾಳೆ, ಉಲ್ಲಾಸಣ್ಣ."

"ಹೌದಾ ತಂಗಿ? ಪುಟ ಎಷ್ಟು?"

ಇದು ಹೊನ್ನಜ್ಜನ ಪಟ್ಟುಗಳಲ್ಲೇ ಪಳಗಿದ ಪಟ್ಟು. ಅನುಶ್ರೀಗೆ ಪುಟ ನೆನಪಾಗಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು. ತಾನೇ ತಪ್ಪು ಓದಿದೆನೇನೋ ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟಳು. ಚಪ್ಪಾಳೆ ಬಿತ್ತು. ಅಷ್ಟು ಬೈಸಿಕೊಂಡ ಪುಸ್ತಕ ಯಾರಿಗೂ ಬೇಡವಾಯಿತು. ಮಮತಾ ಟೀಚರು ಅದನ್ನು ಉಲ್ಲಾಸನ ಚೀಲಕ್ಕೇ ಹಾಕಿ, ಇನ್ನೊಮ್ಮೆ ಓದು ಎಂದರು.

ಅವನು ಓದಿದ್ದು ಗೆಲುವಿನ ರುಚಿ ಇನ್ನಷ್ಟು ಚಪ್ಪರಿಸೋಣ ಎಂದು. ಅರ್ಧಕ್ಕೆ ಬರುವಷ್ಟರಲ್ಲಿ ರುಚಿ ಹೋಯಿತು. ಕೊನೆಯಲ್ಲಿ ಆ ಹುಡುಗಿ ಮಾತಾಡುತ್ತಾಳೆ, ಒಂದೇ ವಾಕ್ಯ. ಅದನ್ನು ಓದಿದ ಮೇಲೆ ಉಲ್ಲಾಸನ ಕಿವಿ ಎಷ್ಟು ಬಿಸಿಯಾಯಿತೆಂದರೆ ಅದರ ಮೇಲೆ ಹಪ್ಪಳ ಸುಡಬಹುದಿತ್ತು.

ಮುಂದಿನ ಭಾನುವಾರ ಅನುಶ್ರೀ ಬರಲಿಲ್ಲ. ತನಗೆ ಪುಸ್ತಕ ತಿಳಿಯುವುದಿಲ್ಲ, ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಟೀಚರು ಅದನ್ನು ಹೇಳುವಾಗ ಉಲ್ಲಾಸನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿ ಇತ್ತು.

ಮನೆಗೆ ಬಂದು ಅಜ್ಜನಿಗೆ ಎಲ್ಲ ಹೇಳಿದ. ವಾದ ಗೆದ್ದ ದಿನ ಇದೇ ಅಜ್ಜ ಬೆನ್ನು ತಟ್ಟಿದ್ದ. ಈಗ ಅಡಿಕೆ ಹೋಳು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡ.

"ತಾಳಮದ್ದಳಿಲಿ ಎದ್ರಿಗೆ ಕೂತವ್ನಿಗೂ ಕಥೆ ಗೊತ್ತಿರ್ತದೆ ತಮಾ, ಕೇಳೂಕೆ ಬಂದವ್ರಿಗೂ ಗೊತ್ತಿರ್ತದೆ. ಅದ್ಕೇ ಅಲ್ಲಿ ಎಷ್ಟು ಜಗಳಾಡಿದ್ರೂ ಯಾರಿಗೂ ಪೆಟ್ಟಾಗೂದಿಲ್ಲ. ನೀನು ಕಥೇನೇ ಗೊತ್ತಿಲ್ದೆ ಕೂತ್ಯಲ್ಲ. ಅದೂ ಒಂದು ಕೂಸಿನ ಎದ್ರಿಗೆ."

ಉಲ್ಲಾಸ ಹೆಗ್ಗರಣೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಭಾಷಣ ಕಟ್ಟಿದ. ಅದರ ಪೀಠಿಕೆಯೇ ಎರಡು ನಿಲ್ದಾಣ ದಾಟಿತು. ಅನುಶ್ರೀ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳನ್ನು ಕಂಡದ್ದೇ ಭಾಷಣ ಬಸ್ಸಿನಲ್ಲೇ ಉಳಿದುಹೋಯಿತು.

"ನಾನು ಆ ಪುಸ್ತಕ ಓದಿರ್ಲಿಲ್ಲ."

"ಒಂದು ಪುಟಾನೂ?"

"ರಟ್ಟು ಓದಿದ್ದೆ."

ಅವಳು ಬಟ್ಟೆ ಮಡಚಿದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. ತಾನು ಮೂರು ಸಲ ಓದಿದ್ದೆ, ಆದರೂ ತನ್ನದೇ ತಪ್ಪೆಂದು ನಂಬಿದೆ ಎಂದಳು. ಅಳಲಿಲ್ಲ. ಅತ್ತಿದ್ದರೆ ಉಲ್ಲಾಸನಿಗೆ ಸಮಾಧಾನದ ಮಾತಾದರೂ ಇತ್ತು.

"ಇಲ್ಲಿ ಹೇಳ್ರೆ ಎಂತ ಬಂತು? ನಗಿಸಿದ್ದು ಅಲ್ಲಿ ಅಲ್ದಾ," ಎಂದು ಒಳಗೆ ಹೋದಳು.

ಅವನು ಅಲ್ಲಿ ಹೇಳುತ್ತಾನೋ ನೋಡೋಣ ಎಂಬಂತೆ ಭಾನುವಾರ ಅವಳು ಬಂದಳು, ಕಂಬಕ್ಕೆ ಒರಗಿ ಕೂತಳು. ಉಲ್ಲಾಸ ಎದ್ದಾಗ ಮಕ್ಕಳು ನಗಲು ಮೊದಲೇ ಹಲ್ಲು ಬಿಟ್ಟು ಸಿದ್ಧರಾಗಿದ್ದರು. ಅವನು, ಪುಸ್ತಕ ಓದದೇ ಮಾತಾಡಿದ್ದೆ, ಅನುಶ್ರೀ ಹೇಳಿದ್ದೇ ಸರಿ, ಹುಡುಗಿ ಕೊನೆಗೆ ಮಾತಾಡುತ್ತಾಳೆ ಎಂದ. ಅಷ್ಟು ಹೇಳಲು ಸಿದ್ದಾಪುರದಿಂದ ಯಲ್ಲಾಪುರಕ್ಕೆ ನಡೆದಷ್ಟು ಸುಸ್ತಾಯಿತು. ನಗುವೂ ಬಂತು, ಈ ಸಲ ಅವನ ಮೇಲೆ.

ನಗು ಇಳಿದ ಮೇಲೆ ಕಂಬದ ಹತ್ತಿರದಿಂದ ಸಣ್ಣ ದನಿಯೊಂದು ಕೇಳಿತು.

"ಪುಟ ಎಷ್ಟು, ಉಲ್ಲಾಸಣ್ಣ?"

ಎಷ್ಟು ಸಲ ತೆರೆದ ಪುಟ ಅದು. ನೆನಪಾಗಲಿಲ್ಲ. ನಾಲಿಗೆ ಬಾಯಿಯಲ್ಲಿ ಹುಡುಕಿ ಹುಡುಕಿ ಹಲ್ಲುಗಳನ್ನಷ್ಟೇ ಮುಟ್ಟಿ ಬಂತು. ಅವನು ನಿಂತೇ ಇದ್ದ, ಅವಳು ಅಂದು ನಿಂತ ಹಾಗೆಯೇ, ನೆಲ ನೋಡುತ್ತ.

ಅನುಶ್ರೀ ಎದ್ದು ಬಂದು ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಪುಟ ಹುಡುಕಿಕೊಂಡು, ಆ ಹುಡುಗಿಯ ವಾಕ್ಯವನ್ನು ಎಲ್ಲರಿಗೂ ಕೇಳುವಷ್ಟು ಜೋರಾಗಿ ಓದತೊಡಗಿದಳು.